ಪಾದ್ರಿ ಹುದೋಲಿನ್ ಹೇಳದೆ ಬಿಟ್ಟ ಹೆಸರು

ಕಳೆದ ಭಾನುವಾರ ನಮ್ಮ ಬುಕೋವಿಯೆಯ ಪಾದ್ರಿಮನೆಯ ಗೋಡೆಗೆ ಒಂದು ಕಲ್ಲು ಕೂರಿಸಿದರು. ‘ಕಥೆಗಾರರಾದ ಪಾದ್ರಿ ಬ್ಲಾಜ್ ಹುದೋಲಿನ್ ಇಲ್ಲಿದ್ದು ಬರೆದರು, ಆರೋಗ್ಯದ ಕಾರಣದಿಂದ ಬೆಟ್ಟದ ಮೇಲಿನ ಸ್ಟರ್ಮೆತ್ಸಿಗೆ ತೆರಳಿದರು’ ಎಂದು ಕೆತ್ತಿದೆ. ಅಕ್ಷರಗಳು ದುಂಡಗೆ, ಚೆನ್ನಾಗಿವೆ. ಕೊನೆಯ ಮಾತು ಮಾತ್ರ ಹಸಿ ಸುಳ್ಳು.

ಕಲ್ಲಿನ ಮುಸುಕು ಎಳೆದವನು ಊರ ಮುಖಂಡನಾಗಿದ್ದ ಉರ್ಬಾನ್ ಮಿಕ್ಲಿಚ್‌ನ ಮಗ. ‘ಅವರ ಕಥೆಯಲ್ಲಿ ಬರೋ ಜಿಪುಣ ಬೇರೆ ಯಾರೂ ಅಲ್ಲ, ನಮ್ಮಪ್ಪ’ ಎಂದು ಎದೆಯುಬ್ಬಿಸಿ ಭಾಷಣ ಮಾಡಿದ. ಗಿರಣಿಯವರ ಮೊಮ್ಮಗ ಗುಂಪಿನ ನಡುವಿನಿಂದಲೇ, ‘ಸುಳ್ಳು ಹೇಳ್ಬೇಡಯ್ಯ, ಅದು ನಮ್ಮಜ್ಜ’ ಎಂದ. ಆಮೇಲೆ ಹೆಂಡದಂಗಡಿಯಲ್ಲಿ ಇಬ್ಬರೂ ಅಂಗಿಯ ಕಾಲರ್ ಹಿಡಿದುಕೊಳ್ಳುವ ತನಕ ಹೋಯಿತು. ಅಂದು ಅವರ ಹಿರಿಯರು ಇದೇ ಮಾತನ್ನು ಅವಮಾನವೆಂದು ಆಡಿ ಒಬ್ಬ ಮನುಷ್ಯನನ್ನು ಊರು ಬಿಡಿಸಿದರು. ಇಂದು ಇವರು ಅದನ್ನು ಆಸ್ತಿಯ ಹಾಗೆ ಹಂಚಿಕೊಳ್ಳಲು ಬಡಿದಾಡುತ್ತಿದ್ದಾರೆ. ನನಗೆ ಮೈ ಉರಿದುಹೋಯಿತು.

ನನ್ನ ಹೆಸರು ಗಾಶ್ಪರ್. ಜರಡಿ, ಸೌಟು, ಹುಲ್ಲು ಬಾಚುವ ಮರದ ಕುಂಟೆ ಮಾರುವವನು. ರಿಬ್ನಿತ್ಸಾ ಕಡೆಯವನು, ಮದುವೆಯಾಗಿ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಇವರ ಲೆಕ್ಕದಲ್ಲಿ ಹೊರಗಿನವನು. ನಮ್ಮ ಕಡೆಯವರು ಜರಡಿಯ ತೂತಿಗೂ ಬೆಲೆ ಕಟ್ಟುತ್ತಾರೆ ಎಂದು ಆಡಿಕೊಳ್ಳುತ್ತಾರೆ. ಕಟ್ಟುತ್ತೇವೆ. ತೂತಿಲ್ಲದ ಜರಡಿ ಇವರಿಗೇಕೆ? ಆದರೆ ಹುದೋಲಿನ್ ಪಾದ್ರಿಯ ವಿಷಯದಲ್ಲಿ ನಾನು ಇವರಿಗಿಂತ ಒಳ್ಳೆಯವನು ಎಂದು ಹೇಳಿಕೊಳ್ಳಲಾರೆ. ಅವರ ಮೇಲಿನ ದೂರಿನ ಅರ್ಜಿಯನ್ನು ಬರೆದುಕೊಟ್ಟವನು ನಾನೇ. ಅವರಿಗೆ ಒಂದು ಮಾತನ್ನೂ ಕೊಟ್ಟಿದ್ದೆ. ಅವರ ಅಕ್ಕ ಉರ್ಷಾ ಹೋದ ವರ್ಷ ತೀರಿಕೊಂಡಳು. ಇನ್ನು ಆ ಮಾತು ಮುರಿದರೆ ನೋಯುವವರು ಯಾರೂ ಇಲ್ಲ.

ಅವರು ನಮ್ಮೂರಿಗೆ ಬಂದದ್ದು ೧೮೯೭ರ ವಸಂತದಲ್ಲಿ. ಗಾಡಿಯ ಮೇಲೆ ಎರಡು ಹಾಸಿಗೆ, ಒಂದು ಮೇಜು, ನಾಲ್ಕು ಜೇನುಪೆಟ್ಟಿಗೆ, ಜೇನುಪೆಟ್ಟಿಗೆಗಳನ್ನು ತಬ್ಬಿಕೊಂಡು ಕೂತ ಉರ್ಷಾ. ಪಾದ್ರಿಗಳು ಹಿಂದೆ ನಡೆದು ಬಂದರು. ಮೂವತ್ತೈದರ ಪ್ರಾಯ, ಉದ್ದ ಕತ್ತು, ಮೊಣಕೈ ಬಳಿ ತೇಪೆ ಹಾಕಿದ ನಿಲುವಂಗಿ. ಮೂರನೆಯ ದಿನವೇ ನಾನು ಸಾಮಾನು ಹೊತ್ತು ಅವರ ಬಾಗಿಲಿಗೆ ಹೋದೆ. ಉರ್ಷಾ ಒಂದು ಜರಡಿಯನ್ನು ಬೆಳಕಿಗೆ ಹಿಡಿದು ನೋಡಿದಳು.

‘ಇದಕ್ಕೆ ಇಷ್ಟಾ? ಕುದುರೆ ಕೂದಲಿಂದು ಅಂತೀಯ. ಜೊತೆಗೆ ಕುದುರೇನೂ ಕೊಡ್ತೀಯಾ?’

‘ಕುದುರೆ ಓಡಿಹೋಯ್ತು ಅಕ್ಕಾವ್ರೇ. ಬಾಲ ಮಾತ್ರ ಕೈಗೆ ಸಿಕ್ತು.’

ಒಳಗಿನಿಂದ ಪಾದ್ರಿಗಳು ನಕ್ಕರು. ‘ಕೇಳಿದ್ದು ಕೊಟ್ಬಿಡು ಉರ್ಷಾ. ಆ ಮಾತಿಗೇ ಅಷ್ಟು ಬೆಲೆ ಇದೆ.’

ಮುಂದಿನ ವರ್ಷ ಅವರ ಒಂದು ಕಥೆಯಲ್ಲಿ ಆ ಬಾಲದ ಮಾತು ಹಾಗೇ ಅಚ್ಚಾಗಿ ಬಂತು. ನಾನು ಜರಡಿಗೆ ಪೂರಾ ಬೆಲೆ ತಗೊಂಡಿದ್ದೆ, ಅವರು ಮಾತನ್ನು ಪುಕ್ಕಟೆ ತಗೊಂಡಿದ್ದರು. ಆ ವ್ಯಾಪಾರದಲ್ಲಿ ಗೆದ್ದವರು ಯಾರೆಂದು ನನಗಿನ್ನೂ ತಿಳಿದಿಲ್ಲ.

ಅವರು ಜಾಪೋಟೊಕ್ ಎಂಬ ಹಳ್ಳಿಯವರು. ಮನೆಯಲ್ಲಿ ಒಂಬತ್ತು ಮಕ್ಕಳು. ಓದಲು ಪಟ್ಟಣಕ್ಕೆ ಹೋದಾಗ ಅಪ್ಪ ಒಂದು ಕಾಸು ಬಿಚ್ಚಲಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಉಂಡು ಪಾದ್ರಿಯಾದರು. ಬೆಳಗಿನ ಪೂಜೆ ಮುಗಿಸಿ ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ಕಿಟಕಿಯ ಬಳಿ ಕೂತು ಬರೆಯುವುದು ಅವರ ಪದ್ಧತಿ. ಆ ಹೊತ್ತಿನಲ್ಲಿ ಯಾರಾದರೂ ಸಾಯುತ್ತಿದ್ದರೆ ಮಾತ್ರ ಕರೆಯಬಹುದು. ಕರೆದರೆ ಶಾಯಿ ಒಣಗುವುದಕ್ಕೂ ಕಾಯದೆ ಹಿಮದಲ್ಲಿ ಎರಡು ಗಂಟೆ ನಡೆದು ಹೋಗುತ್ತಿದ್ದರು. ಚಳಿಗಾಲದ ಮಧ್ಯಾಹ್ನಗಳಲ್ಲಿ ಹೆಂಗಸರನ್ನು ಕೂರಿಸಿಕೊಂಡು ಓದು ಕಲಿಸಿದರು. ಎರಡು ಚಳಿಗಾಲದಲ್ಲಿ ಇಪ್ಪತ್ತಾರು ಜನ ಕಲಿತರು. ಅವರಿಗೆ ಓದು ಬಂದದ್ದೇ ಇವರಿಗೆ ಮುಳುವಾಯಿತು.

ನಮ್ಮಲ್ಲಿ ಪ್ರತಿ ಶರತ್ಕಾಲ ಪುಸ್ತಕಗಳ ಕಟ್ಟು ಬರುತ್ತದೆ. ಪುಸ್ತಕ ಸಂಘಕ್ಕೆ ಚಂದಾ ಕಟ್ಟಿದ ಪ್ರತಿಯೊಂದು ಮನೆಗೂ ಒಂದು ಪಂಚಾಂಗ, ಒಂದು ಪ್ರಾರ್ಥನೆಯ ಪುಸ್ತಕ, ಒಂದು ಕಥೆಯ ಪುಸ್ತಕ. ಚಂದಾ ಎತ್ತುವವರೂ ಹಂಚುವವರೂ ಊರಿನ ಪಾದ್ರಿಗಳೇ. ಪಂಚಾಂಗದ ಕೊನೆಯಲ್ಲಿ ಚಂದಾದಾರರ ಹೆಸರುಗಳು ಊರುಊರಾಗಿ ಅಚ್ಚಾಗಿರುತ್ತವೆ. ಅಕ್ಷರ ಬಾರದವರೂ ಚಂದಾ ಕಟ್ಟುವುದು ಅದಕ್ಕಾಗಿಯೇ. ಕಟ್ಟು ಬಿಚ್ಚಿದೊಡನೆ ಎಲ್ಲರೂ ಮೊದಲು ಹಿಂದಿನ ಪುಟ ತೆಗೆದು ತಮ್ಮ ಹೆಸರು ಹುಡುಕುತ್ತಾರೆ, ಪಕ್ಕದವನ ಹೆಸರು ಬಿಟ್ಟುಹೋಗಿದ್ದರೆ ಇನ್ನೂ ಸಂತೋಷಪಡುತ್ತಾರೆ. ಪುಸ್ತಕವೆಂದರೆ ತಾನು ಇರುವ ಜಾಗ ಎಂಬ ಅಭ್ಯಾಸ ಈ ಜನಕ್ಕೆ ಮೂರು ತಲೆಮಾರಿನಿಂದ ಬಿದ್ದಿದೆ.

೧೮೯೯ರಲ್ಲಿ ಬಂದ ಕಥೆಯ ಪುಸ್ತಕ ಹುದೋಲಿನ್ ಪಾದ್ರಿಯವರದು. ತಮ್ಮ ಕೈಯಾರೆ ಮನೆಮನೆಗೆ ಹಂಚಿದರು. ಅದರಲ್ಲೊಬ್ಬ ಜಿಪುಣ ರೈತ ಬರುತ್ತಾನೆ. ಹಂದಿಯ ಒಂದೇ ಮೂಳೆಯನ್ನು ಮೂರು ಭಾನುವಾರದ ಸಾರಿಗೆ ಬೇಯಿಸುತ್ತಾನೆ. ಆಳುಗಳು ಕದ್ದು ಕೊಯ್ಯದಂತೆ ರೊಟ್ಟಿಯ ಅಂಚಿಗೆ ಹೆಬ್ಬೆರಳ ಉಗುರಿನಿಂದ ಗುರುತು ಮಾಡಿಡುತ್ತಾನೆ. ಕೊಯ್ಲಿನ ದಿನ ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾನೆ. ಪಾದ್ರಿಗೆ ಸಲ್ಲಬೇಕಾದ ಗೋಧಿಯ ಚೀಲದಲ್ಲಿ ಕೆಳಗೆಲ್ಲ ಹೊಟ್ಟು ತುಂಬಿ ಮೇಲೆ ನಾಲ್ಕು ಬೆರಳು ಗೋಧಿ ಹಾಕುತ್ತಾನೆ.

ಒಂದು ವಾರ ಊರು ತಣ್ಣಗಿತ್ತು. ಅಷ್ಟರಲ್ಲಿ ಓದು ಕಲಿತ ಹೆಂಗಸರು ಕಥೆಯನ್ನು ಮನೆಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ಎರಡನೆಯ ಭಾನುವಾರ ಪೂಜೆ ಮುಗಿದ ಮೇಲೆ ನೇಜಾಳ ಹೆಂಡದಂಗಡಿಯಲ್ಲಿ ಮುಖಂಡ ಮಿಕ್ಲಿಚ್ ಮೇಜು ಗುದ್ದಿದ.

‘ನನ್ನನ್ನ ಅಚ್ಚು ಹಾಕಿಸಿದಾನೆ ಆ ಪಾದ್ರಿ. ಗಡಿಯಾರದ ಮುಳ್ಳು ತಿರುಗಿಸಿದ್ನಂತೆ ನಾನು. ನನ್ನ ಮನೆ ಗಡಿಯಾರ ಮೊದಲಿಂದ್ಲೂ ನಿಧಾನ, ಅದಕ್ಕೆ ನಾನೇನ್ ಮಾಡ್ಲಿ?’

ಗಿರಣಿಯ ಫ್ಲೋರ್ಯಾನ್ ಹುಬ್ಬು ಗಂಟಿಕ್ಕಿದ. ‘ಗಡಿಯಾರ ಅಲ್ಲ ಮಾರಾಯ, ಹೊಟ್ಟಿನ ಚೀಲ. ಅದು ನಾನೇ. ಗಿರಣಿ ಇಟ್ಟವನನ್ನ ಬಿಟ್ಟು ಇನ್ಯಾರಿಗೆ ಹೊಟ್ಟು ಸಿಗತ್ತೆ?’

‘ನಿಮ್ಮಿಬ್ರಿಗೂ ತಲೆ ಕೆಟ್ಟಿದೆ’ ಎಂದು ವಿಧವೆ ನೇಜಾ ಲೋಟಗಳನ್ನು ಕುಕ್ಕಿದಳು. ‘ಮೂಳೆ ಸಾರು ಯಾರ ಅಡುಗೆಮನೇಲಿ ಬೇಯತ್ತೆ? ನನ್ನಲ್ಲಿ. ಗುರುತು ಸಿಗಬಾರದು ಅಂತ ನಂಗೆ ಗಂಡಸಿನ ವೇಷ ಹಾಕ್ಸಿದಾನೆ.’

ನಾನು ಮೂಲೆಯಲ್ಲಿ ಕೂತು ಸೌಟಿನ ಹಿಡಿ ಕೆತ್ತುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕೇಳಿದ್ದೇವೆ. ಇಲ್ಲಿ ಮೂವರು ಒಂದೇ ಕುಂಬಳಕಾಯಿಗೆ ಹೆಗಲು ಕೊಟ್ಟು, ‘ನನ್ನದು, ನನ್ನದು’ ಎನ್ನುತ್ತಿದ್ದರು. ನಾನು ನಕ್ಕೆ. ನಗುವುದು ಬಿಟ್ಟು ಎದ್ದು ಹೋಗಬೇಕಿತ್ತು. ಯಾಕೆಂದರೆ ಮಿಕ್ಲಿಚ್ ನನ್ನ ಕಡೆ ತಿರುಗಿ, ‘ಗಾಶ್ಪರ್, ನಿನ್ನ ಕೈಬರಹ ಚೆನ್ನಾಗಿದೆ. ದೊಡ್ಡ ಪಾದ್ರಿಗಳಿಗೆ ಒಂದು ಅರ್ಜಿ ಬರ್ಕೊಡು’ ಎಂದ. ದೊಡ್ಡ ಪಾದ್ರಿಗಳೆಂದರೆ ಸುತ್ತಲ ಹನ್ನೆರಡು ಇಗರ್ಜಿಗಳನ್ನು ನೋಡಿಕೊಳ್ಳುವವರು, ಪಟ್ಟಣದಲ್ಲಿರುವವರು. ಮೂವರೂ ನನ್ನ ದೊಡ್ಡ ಗಿರಾಕಿಗಳು. ಬರೆದುಕೊಟ್ಟೆ. ಒಳ್ಳೆಯ ಭಾಷೆಯಲ್ಲೇ ಬರೆದೆ, ಅದು ಇನ್ನೂ ನಾಚಿಕೆಗೇಡು. ಕೆಳಗೆ ನಲವತ್ತೊಂದು ಮನೆಯವರು ಸಹಿಯ ಬದಲು ಶಿಲುಬೆಯ ಗುರುತು ಹಾಕಿದರು. ಅದರಲ್ಲಿ ಮುಕ್ಕಾಲು ಜನ ಕಥೆ ಓದಿರಲಿಲ್ಲ. ಮಿಕ್ಲಿಚ್‌ನ ಕಾಡಿನಿಂದ ಸೌದೆ, ಫ್ಲೋರ್ಯಾನ್‌ನ ಗಿರಣಿಯಿಂದ ಹಿಟ್ಟು ಬೇಕಾದವರು.

ವಿಚಾರಣೆಗೆ ಪಟ್ಟಣಕ್ಕೆ ಕರೆ ಬಂತು. ಅರ್ಜಿ ಬರೆದವನೆಂದು ನನ್ನನ್ನೂ ಕರೆದರು. ದೊಡ್ಡ ಪಾದ್ರಿಗಳು ಕನ್ನಡಕ ಏರಿಸಿ ಓದಿದರು.

‘ಊರಿನ ಗಣ್ಯರೊಬ್ಬರನ್ನು ಜಿಪುಣನನ್ನಾಗಿ ಚಿತ್ರಿಸಿದ್ದಾರೆ ಅಂತ ಇದೆ. ಯಾರಪ್ಪಾ ಅದು?’

‘ನಾನು’ ಎಂದರು ಮೂವರೂ ಒಟ್ಟಿಗೆ.

ದೊಡ್ಡ ಪಾದ್ರಿಗಳು ನಶ್ಯದ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು. ಆಮೇಲೆ ಹುದೋಲಿನ್ ಪಾದ್ರಿಗಳ ಕಡೆ ತಿರುಗಿದರು.

‘ಇವರಲ್ಲಿ ಯಾರು?’

‘ಯಾರೂ ಅಲ್ಲ, ಗುರುಗಳೇ.’

‘ಹಾಗಾದ್ರೆ ನೀವೇ ಹುಟ್ಟಿಸಿದ್ದೋ?’

ಅಲ್ಲೇ ಅವರು ಎಡವಿದರು. ಹೌದು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನಾಗಿದ್ದರೆ ಮೂರು ಸಲ ಹೌದು ಎನ್ನುತ್ತಿದ್ದೆ. ಅವರಿಗೆ ಸುಳ್ಳು ಬಾಯಿಗೆ ಬರಲಿಲ್ಲ. ‘ಇಲ್ಲ. ಅಂಥವರೊಬ್ಬರು ಇದ್ದಾರೆ’ ಎಂದರು.

‘ಹೆಸರು ಹೇಳಿ, ಮುಗೀತು.’

‘ಹೇಳಲಾರೆ.’

ದೊಡ್ಡ ಪಾದ್ರಿಗಳು ಕನ್ನಡಕ ತೆಗೆದರು. ‘ನೋಡಿ ಹುದೋಲಿನ್, ಕಥೆ ನಾನೂ ಓದಿದೀನಿ, ಚೆನ್ನಾಗಿದೆ. ಆದ್ರೆ ನಿಮ್ಮ ಲೇಖನಿ ಒಂದು, ಈ ಕಾಗದದ ಮೇಲೆ ಶಿಲುಬೆ ನಲವತ್ತೊಂದು. ಕ್ರಿಸ್‌ಮಸ್ಸಿನೊಳಗೆ ಪೀಠದ ಮೇಲಿಂದ ಆ ಹೆಸರು ಹೇಳಿ ಜನರನ್ನ ಸಮಾಧಾನ ಮಾಡಿ. ಇಲ್ಲಾಂದ್ರೆ ಇನ್ನು ಬರೆಯೋದಿಲ್ಲ ಅಂತ ನನಗೆ ಬರ್ಕೊಡಿ. ಎರಡೂ ಆಗದಿದ್ರೆ ವಸಂತಕ್ಕೆ ನಿಮಗೆ ಬೇರೆ ಊರು.’

ಬೇರೆ ಊರು ಯಾವುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸ್ಟರ್ಮೆತ್ಸಿನಲ್ಲಿ ಎರಡು ವರ್ಷದಿಂದ ಪಾದ್ರಿಯಿರಲಿಲ್ಲ. ಹತ್ತೊಂಬತ್ತು ಮನೆ, ಆರು ತಿಂಗಳು ಹಿಮ, ಪಾದ್ರಿಮನೆಯ ಗೋಡೆಯ ಬಿರುಕಿನಲ್ಲಿ ಕೈ ತೂರುತ್ತದೆ. ಅವರ ಎದೆ ಆಗಲೇ ಗಟ್ಟಿಯಿರಲಿಲ್ಲ.

ನವೆಂಬರಿನ ಕೊನೆಯಲ್ಲಿ ನಾನು ಸಾಮಾನು ಹೊತ್ತು ಜಾಪೋಟೊಕ್ ಕಡೆ ಹೋದೆ. ಹುದೋಲಿನ್‌ರ ಮನೆ ಎಂದು ತಿಳಿದೇ ಆ ಬಾಗಿಲು ತಟ್ಟಿದೆ. ಪಾದ್ರಿಯ ಮನೆಯವರು ಜರಡಿ ಕೊಳ್ಳದೆ ಇರಲಾರರು ಎಂಬ ಲೆಕ್ಕ. ಮುದುಕ ಮಾಟಿಯಾ ಒಲೆಯ ಮಗ್ಗುಲಿನ ಬೆಂಚಿನಲ್ಲಿ ಕೂತು ಮಗನ ಪುಸ್ತಕವನ್ನು ಬೆರಳಿಟ್ಟು ಓದುತ್ತಿದ್ದ. ಕಪ್ಪು ಗೋಧಿಯ ಮುದ್ದೆ ಹಾಕಿಕೊಟ್ಟರು, ಮೇಲೆ ಸಾರು. ಸಾರಿನಲ್ಲಿ ಬಿಸಿನೀರಿನ ರುಚಿ ಬಿಟ್ಟರೆ ಬೇರೇನಿರಲಿಲ್ಲ. ಮೇಜಿನ ಮೇಲಿದ್ದ ರೊಟ್ಟಿಯ ಅಂಚಿನಲ್ಲಿ ಉಗುರಿನ ಗುರುತು ಕಂಡಿತು. ತಲೆಯೆತ್ತಿ ಗೋಡೆ ಗಡಿಯಾರ ನೋಡಿದೆ. ಇಗರ್ಜಿಯ ಗಂಟೆ ಹನ್ನೆರಡು ಹೊಡೆದು ಎಷ್ಟೋ ಹೊತ್ತಾಗಿತ್ತು. ಅಲ್ಲಿ ಹನ್ನೊಂದೂಕಾಲು.

ಮುದುಕ ಕಣ್ಣೀರು ಬರುವಷ್ಟು ನಗುತ್ತಿದ್ದ. ‘ನನ್ಮಗ ಬರೀತಾನೆ ಕಣಯ್ಯ. ಈ ಜಿಪುಣ ಯಾರು ಗೊತ್ತಾ? ಪಕ್ಕದ್ಮನೆ ಓಜ್ಬಾಲ್ಟ್. ಪಡಿಯಚ್ಚು ಅವನೇ. ರೊಟ್ಟಿಗೆ ಗುರುತು ಹಾಕೋದಂತೆ. ಥೂ, ಎಂಥಾ ಜನ ಇರ್ತಾರೆ ಲೋಕದಲ್ಲಿ.’

‘ಓಜ್ಬಾಲ್ಟ್‌ಗೆ ಓದಿ ಹೇಳಿದ್ರಾ ಅಜ್ಜ?’

‘ದಿನಾ ಓದ್ತೀನಿ, ಬೇಲಿ ಹತ್ರ ನಿಂತು. ಅವನೂ ನಗ್ತಾನೆ. ಪೆದ್ದ, ತನ್ನದೇ ಕಥೆ ಅಂತ ಅವನಿಗೆ ಗೊತ್ತಾಗಿಲ್ಲ.’

ಜರಡಿ ಅವನು ಕೊಳ್ಳಲಿಲ್ಲ. ಹಳೆಯದಕ್ಕೇ ತೇಪೆ ಹಾಕಿಸಿಕೊಂಡ.

ವಾಪಸು ಬಂದವನೇ ಪಾದ್ರಿಮನೆಗೆ ಹೋದೆ. ಪಾದ್ರಿಗಳು ಬರೆಯುವ ಹೊತ್ತು. ಯಾರೂ ಸಾಯುತ್ತಿರಲಿಲ್ಲ, ಆದರೂ ಒಳಗೆ ನುಗ್ಗಿದೆ.

‘ಸ್ವಾಮಿ, ನಿಮ್ಮಪ್ಪನ್ನ ನೋಡ್ಕೊಂಡು ಬಂದೆ. ಸಾರೂ ಕುಡಿದೆ.’

ಅವರು ಲೇಖನಿ ಕೆಳಗಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ಉರ್ಷಾ ಬಂದು ನಿಂತಳು. ‘ನಾನು ದಿನಾ ಹೇಳ್ತಿದೀನಿ’ ಎಂದಳು. ‘ಹೇಳಿಬಿಡೋ, ನಮ್ಮಪ್ಪ ಅಂತ. ಅವನು ಹಾಗೇ ಇದಾನಲ್ಲ. ನೀನು ಪಟ್ಟಣದಲ್ಲಿ ಹಸ್ಕೊಂಡು ಓದುವಾಗ ಒಂದು ರೊಟ್ಟಿ ಕಳಿಸಿದ್ನಾ? ಈಗ ಅವನ ಮರ್ಯಾದೆಗೆ ನೀನು ಆ ಬೆಟ್ಟ ಹತ್ತಿ ಸಾಯ್ಬೇಕಾ?’

‘ಅವರು ಏನಂದ್ರು ಗಾಶ್ಪರ್, ಓದಿ?’

‘ಪಕ್ಕದ್ಮನೆಯವನು ಅಂದ್ರು. ಹೊಟ್ಟೆ ಹಿಡ್ಕೊಂಡು ನಕ್ರು.’

ಪಾದ್ರಿಗಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಯಾವ ಹೊಗಳಿಕೆಗೂ ಅವರ ಮುಖ ಹಾಗೆ ಅರಳಿದ್ದಿಲ್ಲ. ‘ಹುಟ್ಟಿದಾಗಿಂದ ಅವರು ನಕ್ಕಿದ್ದು ನಾನು ನೋಡಿಲ್ಲ’ ಎಂದರು. ‘ಪೀಠದಿಂದ ಹೇಳಿದ್ರೆ ವಾರದೊಳಗೆ ಜಾಪೋಟೊಕ್‌ಗೆ ಸುದ್ದಿ ಹೋಗತ್ತೆ. ಓಜ್ಬಾಲ್ಟ್ ಬೇಲಿ ಹತ್ರ ಬಂದು ಓದಿ ಹೇಳ್ತಾನೆ. ಎಪ್ಪತ್ತೆಂಟು ವರ್ಷದ ಮುದುಕ, ಆಮೇಲೆ ಊರಲ್ಲಿ ಹೇಗೆ ತಲೆ ಎತ್ತಬೇಕು? ಇಲ್ಲಿ ಮೂರು ಮನೆಯವರಿಗೆ ಸಿಟ್ಟು ಬಂದಿದೆ. ಮೂರು ಮನೆಯವರೂ ಹೊಟ್ಟೆ ತುಂಬಾ ಉಣ್ತಿದಾರೆ.’

‘ಹಾಗಾದ್ರೆ ಬರೆಯೋದಿಲ್ಲ ಅಂತ ಬರ್ಕೊಟ್ಬಿಡಿ. ಬರ್ಕೊಟ್ಟು ಬರೀರಿ. ಹಸ್ತಪ್ರತಿ ನಾನು ಜರಡಿ ನಡುವೆ ಇಟ್ಟು ಸಾಗಿಸ್ತೀನಿ.’

‘ನಿನ್ನ ಜರಡೀಲಿ ಎಲ್ಲಾ ನಿಲ್ಲತ್ತೆ, ಮಾತು ಮಾತ್ರ ನಿಲ್ಲಲ್ಲ’ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಅಪ್ಪನ ವಿಷಯ ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಮಾತು ತಗೊಂಡರು. ಮೇಜಿನ ಮೇಲಿದ್ದ ಶಿಲುಬೆ ಮುಟ್ಟಿಸಿಯೇ ತಗೊಂಡರು. ವ್ಯಾಪಾರಿಯ ಮಾತಿನ ಬೆಲೆ ಅವರಿಗೆ ತಿಳಿದಿತ್ತು.

ಕ್ರಿಸ್‌ಮಸ್ಸಿಗೆ ಹಿಂದಿನ ಭಾನುವಾರ ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾದ್ರಿಗಳು ಪೀಠ ಹತ್ತಿದರು. ‘ನನ್ನ ಕಥೆಯ ಜಿಪುಣ ಈ ಊರಿನವನಲ್ಲ’ ಎಂದರು. ‘ನನ್ನ ಮಾತು ನಂಬದೆ, ಅವನು ನಾನೇ ಎಂದು ಯಾರಿಗಾದರೂ ಅನ್ನಿಸಿದರೆ ಎದ್ದು ನಿಲ್ಲಲಿ. ಮೂಳೆ, ಗಡಿಯಾರ, ಹೊಟ್ಟು ಎಲ್ಲ ನನ್ನದೇ ಎನ್ನಲಿ. ಎಲ್ಲರೆದುರು ಹೆಸರು ಹಿಡಿದು ಕ್ಷಮೆ ಕೇಳುತ್ತೇನೆ.’

ಮಿಕ್ಲಿಚ್ ಟೋಪಿಯ ಒಳಗನ್ನು ಪರೀಕ್ಷಿಸಿದ. ಫ್ಲೋರ್ಯಾನ್ ಪಾದರಕ್ಷೆ ನೋಡಿಕೊಂಡ. ನೇಜಾ ಜಪಮಾಲೆಯಲ್ಲಿ ಮುಳುಗಿದಳು. ಹೆಂಡದಂಗಡಿಯಲ್ಲಿ ಬಡಿದಾಡಿ ಪಡೆದ ಪದವಿಯನ್ನು ದೇವರೆದುರು ಒಬ್ಬರೂ ಬೇಡಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು ಎಂದು ಯಾರಾದರೂ ಅಂದುಕೊಂಡಾರು. ಅವರಿಗೆ ಬುಕೋವಿಯೆಯ ಜನ ಗೊತ್ತಿಲ್ಲ. ತಪ್ಪು ಮಾಡಿದವರಿಗಿಂತ ತಪ್ಪು ಒಪ್ಪಿಕೊಳ್ಳಲಾಗದೆ ಕೂತವರು ಹೆಚ್ಚು ಕ್ರೂರಿಗಳು. ಆ ಸುಗ್ಗಿಯಲ್ಲಿ ಪಾದ್ರಿಗೆ ಸಲ್ಲಬೇಕಾಗಿದ್ದ ಗೋಧಿ ಬರಲೇ ಇಲ್ಲ. ಹಂದಿ ಕೊಯ್ದರು, ಪಾದ್ರಿಮನೆಗೆ ಒಂದು ಸಾಸೇಜೂ ಹೋಗಲಿಲ್ಲ. ಹಿಮದ ಮೇಲೆ ಜಾರುಬಂಡಿಯಲ್ಲಿ ಸಾಗಿಸಬೇಕಾದ ಸೌದೆ ಕಾಡಿನಲ್ಲೇ ಉಳಿಯಿತು. ಮೀನಾ ಎಂಬ ಮುದುಕಿ, ಪಾದ್ರಿಗಳಿಂದ ಓದು ಕಲಿತವಳು, ಸೆರಗಿನಡಿ ಪುರಲೆ ಒಯ್ದಳು. ಮಿಕ್ಲಿಚ್ ತನ್ನ ಕಾಡಿನ ಕಾವಲುಗಾರನನ್ನು ಬಿಟ್ಟು, ಕದ್ದ ಪುರಲೆ ಎಂದು ದಾರಿಯಲ್ಲೇ ಕಿತ್ತುಕೊಳ್ಳಿಸಿದ. ಪುರಲೆ. ನೂರಾರು ಎಕರೆ ಕಾಡಿನ ಒಡೆಯ. ಇವನ ಮಗ ಮೊನ್ನೆ ನಮಗೆ ಸಾಹಿತ್ಯದ ಮೇಲೆ ಭಾಷಣ ಮಾಡಿದ.

ನಾನು ಗೋಧಿ ಕೊಟ್ಟೆ. ನನ್ನ ಹೆಂಡತಿ ಹುಳಿ ಎಲೆಕೋಸಿನ ಒಂದು ಗಡಿಗೆ ಕೊಟ್ಟಳು. ಅದೂ ಕತ್ತಲಾದ ಮೇಲೆ, ಹಿತ್ತಿಲ ಬಾಗಿಲಿನಿಂದ. ನನ್ನ ಧೈರ್ಯದ ಅಳತೆ ಅಷ್ಟೇ.

ಏಪ್ರಿಲಿನಲ್ಲಿ, ಸಂತ ಯೂರಿಯ ಹಬ್ಬದ ದಿನ, ಅವರು ಹೊರಟರು. ಊರಿನಲ್ಲಿ ಮೂವತ್ತು ಜೋಡಿ ಎತ್ತುಗಳಿದ್ದವು, ಅಂದು ಎಲ್ಲಕ್ಕೂ ಒಟ್ಟಿಗೆ ಹೊಲದಲ್ಲಿ ಕೆಲಸ ಬಂದಿತ್ತು. ನನ್ನ ತಳ್ಳುಗಾಡಿಯಲ್ಲಿ ಮೇಜು, ಹಾಸಿಗೆ, ಎರಡು ಜೇನುಪೆಟ್ಟಿಗೆ ಹೇರಿಕೊಂಡು ಬೆಟ್ಟ ಹತ್ತಿಸಿದೆವು. ಇನ್ನೆರಡರ ಹುಳುಗಳು ಆ ಚಳಿಗಾಲದಲ್ಲಿ ಸತ್ತಿದ್ದವು. ಉರ್ಷಾ ದಾರಿಯುದ್ದಕ್ಕೂ ಬೈದಳು. ಯಾರನ್ನೂ ಬಿಡಲಿಲ್ಲ, ನನ್ನನ್ನೂ ಸೇರಿಸಿ.

ಸ್ಟರ್ಮೆತ್ಸಿನಲ್ಲಿ ಅವರು ನಾಲ್ಕು ಚಳಿಗಾಲ ಬದುಕಿದರು. ಅಷ್ಟರಲ್ಲಿ ಮೂರು ಪುಸ್ತಕ ಬರೆದರು. ಅಲ್ಲಿಯ ಬಡವರು ತಮಗಿದ್ದ ಸೌದೆಯಲ್ಲೇ ಪಾಲು ಕೊಟ್ಟರು, ಆದರೆ ಆ ಗೋಡೆಯ ಬಿರುಕಿಗೆ ಎಷ್ಟು ಸೌದೆ ಸಾಕು? ವರ್ಷಕ್ಕೆರಡು ಸಲ ನಾನು ಹತ್ತಿ ಹೋಗುತ್ತಿದ್ದೆ. ಪ್ರತಿ ಸಲವೂ ನಿಲುವಂಗಿ ಹಿಂದಿನದಕ್ಕಿಂತ ದೊಡ್ಡದಾದಂತೆ ಕಾಣುತ್ತಿತ್ತು.

‘ಇಲ್ಲಿ ಯಾರೂ ಕಥೇಲಿ ತಮ್ಮನ್ನ ಹುಡುಕೋದಿಲ್ವಾ ಸ್ವಾಮಿ?’ ಎಂದು ಒಮ್ಮೆ ಕೇಳಿದೆ.

‘ಇಲ್ಲಿ ಚಂದಾದಾರರು ಮೂರೇ ಜನ. ತಮ್ಮ ಹೆಸರು ನೋಡ್ಕೊಂಡು ಪುಸ್ತಕ ಮುಚ್ಚಿಡ್ತಾರೆ. ಇಂಥ ಒಳ್ಳೆ ಓದುಗರು ಎಲ್ಲಿ ಸಿಗ್ತಾರೆ?’ ನಗಲು ಹೋಗಿ ಕೆಮ್ಮಿದರು. ಅದು ಕೆಮ್ಮೇ ಆಗಿತ್ತು.

೧೯೦೪ರ ಫೆಬ್ರವರಿಯಲ್ಲಿ ತೀರಿಕೊಂಡರು. ನಲವತ್ತೆರಡು ವರ್ಷ. ನೆಲ ಹೆಪ್ಪುಗಟ್ಟಿತ್ತು, ಗುಂಡಿ ತೋಡಲು ಎರಡು ದಿನ ಹಿಡಿಯಿತು. ದೊಡ್ಡ ಪಾದ್ರಿಗಳು ಬಂದು, ಬೆಟ್ಟದ ಗಾಳಿಗಾಗಿ ಅವರು ಇಲ್ಲಿಗೆ ಬಯಸಿ ಬಂದರೆಂದು ಪ್ರಸಂಗ ಮಾಡಿದರು. ಆ ಸುಳ್ಳು ಮೊದಲು ಹುಟ್ಟಿದ್ದು ಹೆಣದ ಮುಂದೆಯೇ. ಬುಕೋವಿಯೆಯಿಂದ ಬಂದವರು ಇಬ್ಬರು: ಮುದುಕಿ ಮೀನಾ, ನಾನು.

ಜಾಪೋಟೊಕ್‌ನಿಂದ ಅಪ್ಪ ಬಂದಿದ್ದ. ಎಂಬತ್ತೆರಡರ ಮುದುಕ, ಗಾಡಿಯವನಿಗೆ ಕಾಸು ಕೊಡಬೇಕಾಗುತ್ತದೆಂದು ಅಷ್ಟು ದೂರ ನಡೆದೇ ಬಂದಿದ್ದ. ಹೂತ ಮೇಲಿನ ಊಟದಲ್ಲಿ ನನ್ನ ಪಕ್ಕ ಕೂತು, ಉಳಿದ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಕೋಟಿನ ಜೇಬಿಗೆ ಇಳಿಸಿದ. ಅಳುತ್ತಲೂ ಇದ್ದ.

‘ದೊಡ್ಡ ಬರಹಗಾರ ಅಂತಾರೆ ಎಲ್ರೂ’ ಎಂದ. ‘ಎಲ್ಲಾ ಓದಿದೀನಿ ಕಣಯ್ಯ, ಬೆರಳಿಟ್ಟು. ಊರೋರನ್ನೆಲ್ಲ ಬರ್ದ. ಆ ಓಜ್ಬಾಲ್ಟ್‌ನಂಥ ಓಜ್ಬಾಲ್ಟ್‌ನನ್ನೂ ಬರ್ದ. ಹೆತ್ತಪ್ಪನ ಬಗ್ಗೆ ಒಂದು ಸಾಲು ಬರೀಲಿಲ್ಲ.’

ಮೇಜಿನ ಆ ಬದಿಯಲ್ಲಿ ಉರ್ಷಾ ಎದ್ದು ನಿಂತಳು. ಬಾಯಿ ತೆರೆದಳು. ನನ್ನ ಮುಖ ನೋಡಿದಳು. ಮತ್ತೆ ಕೂತು, ಮುದುಕನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದಳು.

‘ಬರೀತಿದ್ರೇನೋ ಅಜ್ಜ, ಟೈಮ್ ಸಿಗ್ಲಿಲ್ಲ’ ಎಂದೆ ನಾನು.